ಬಂಗುಡೆಯ ಕಿವಿರು, ಲ್ಯಾಪ್‌ಟಾಪಿನ ಸ್ಕ್ರೂ

ಜೂನ್ ಬಂತೆಂದರೆ ನನ್ನ ಅಂಗಡಿಗೆ ಎರಡು ಬಗೆಯ ಜನ. ಮಳೆಗೆ ಕೆಟ್ಟ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವವರು ಒಂದು ಬಗೆ. ಮಕ್ಕಳ ಕಾಲೇಜು ಸುರುವಾಗುವ ಮೊದಲು ಸೆಕೆಂಡ್ ಹ್ಯಾಂಡ್ ಒಂದನ್ನು ತೆಗೆದುಕೊಂಡು, ಹಣ ಕೊಟ್ಟಾದ ಮೇಲೆ "ಒಮ್ಮೆ ನೋಡಿ ಹೇಳಿ" ಎನ್ನುವವರು ಇನ್ನೊಂದು. ಕಾಪುವಿನಿಂದ ಬಂದ ಅಕ್ಕ ಒಬ್ಬರು ಈ ಎರಡನೆಯವರು.

"ಐ5 ಉಂಟು, ಎಂಟು ಜಿಬಿ ರ‍್ಯಾಮ್ ಉಂಟು, ಹೊಸ ವಿಂಡೋಸ್ ಹಾಕಿಯೇ ಕೊಟ್ಟಿದ್ದಾರೆ. ಮನೆಯಲ್ಲಿ ಸುಮ್ಮನೆ ಇಟ್ಟದ್ದಂತೆ, ಬಳಸಿದ್ದೇ ಕಡಿಮೆ. ಒಳ್ಳೇದಲ್ವಾ ಅಣ್ಣಾ?"

ಆನ್ ಮಾಡುವ ಮೊದಲು ನಾನು ಅದನ್ನು ಮಗುಚಿ ಹಾಕಿದೆ. ಅಡಿಯ ಸ್ಕ್ರೂಗಳಲ್ಲಿ ನಾಲ್ಕರ ತಲೆ ಕಂದು ಬಣ್ಣಕ್ಕೆ ತಿರುಗಿತ್ತು. ಯುಎಸ್‌ಬಿಯ ಬಾಯಿಗೆ ಮೊಬೈಲ್ ಟಾರ್ಚ್ ಹಿಡಿದರೆ ಒಳಗೆ ಹಸಿರು.

"ಅಕ್ಕ, ಬಂಗುಡೆ ಮೀನು ತೆಗೊಳ್ಳುವಾಗ ಎಂತ ನೋಡ್ತೀರಿ?"

"ಕಿವಿರು ಎತ್ತಿ ನೋಡ್ತೇನೆ, ತಾಜಾ ಉಂಟೋ ಅಂತ."

"ಇದಕ್ಕೂ ಕಿವಿರು ಉಂಟು. ಇದೇ ಅದು."

ಕಡಿಮೆ ಬಳಸಿದ್ದು ಎಂಬ ಮಾತು ಬೇರೆ ಊರಲ್ಲಿ ಹೊಗಳಿಕೆ ಇರಬಹುದು. ಮಲ್ಪೆಯಿಂದ ಉಳ್ಳಾಲದವರೆಗಿನ ಈ ಪಟ್ಟಿಯಲ್ಲಿ ಅಲ್ಲ. ಕಡಲ ಗಾಳಿಯಲ್ಲಿ ಉಪ್ಪಿನ ಕಣ ಇರುತ್ತದೆ. ಅದು ಒಳಗಿನ ಬೋರ್ಡಿನ ಮೇಲೆ ಕೂತು, ಮಳೆಗಾಲದ ತೇವವನ್ನು ಹೀರಿಕೊಂಡು ಕಣ್ಣಿಗೆ ಕಾಣದಷ್ಟು ತೆಳುವಾದ ಉಪ್ಪುನೀರಿನ ಪದರವಾಗುತ್ತದೆ. ಹಿತ್ತಾಳೆ ಚೆಂಬಿಗೆ ಹಿಡಿಯುವ ಕಿಲುಬೇ ಬೋರ್ಡಿನ ತಾಮ್ರಕ್ಕೂ ಹಿಡಿಯುತ್ತದೆ. ದಿನಾ ನಾಲ್ಕು ಗಂಟೆ ಓಡುವ ಯಂತ್ರ ತನ್ನ ಬಿಸಿಗೆ ತಾನೇ ಒಣಗುತ್ತದೆ. ಕಪಾಟಿನೊಳಗೆ, ಬಟ್ಟೆಯ ಅಡಿಯಲ್ಲಿ, ಮಳೆ ಸುರಿಯುವ ಒಂದು ಪೂರ್ತಿ ಆಟಿ ತಿಂಗಳು ಮಲಗಿದ್ದಕ್ಕೆ ಒಣಗುವ ಅವಕಾಶವೇ ಇಲ್ಲ. ಮೇಲಿಂದ ಬ್ಯಾಟರಿ ಸೊನ್ನೆಗೆ ಇಳಿದು ತಿಂಗಳುಗಟ್ಟಲೆ ಹಾಗೇ ಇದ್ದರೆ ಲಿಥಿಯಂ ಸೆಲ್ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಮಗ ಗಲ್ಫ್‌ನಿಂದ ಕಳಿಸಿದ್ದು, ಅಪ್ಪ ಅಮ್ಮ ವಿಡಿಯೊ ಕಾಲ್‌ಗೆ ನಾಲ್ಕು ಸಲ ತೆರೆದದ್ದು, ಮೇಲೆ ಒಂದು ಗೀರೂ ಇಲ್ಲ. ಇಂಥವು ನನ್ನ ಮೇಜಿಗೆ ಬರುವಾಗ ಚಿಪ್ಪಿನ ಕಾಲುಗಳ ಸುತ್ತ ಹಸಿರು ಪುಡಿ ಕಟ್ಟಿರುತ್ತದೆ. ಆಲ್ಕೋಹಾಲ್ ಹಾಕಿ ಬ್ರಶ್ಶಿನಲ್ಲಿ ಉಜ್ಜಿ ಬದುಕಿಸಬಹುದು. ಆದರೆ ಎಷ್ಟು ದಿನಕ್ಕೆ ಎಂದು ಕೇಳಬೇಡಿ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವ ಪ್ರೊಸೆಸರ್ ಎಂದಲ್ಲ, ಇದು ಎಲ್ಲಿ ಬದುಕಿತ್ತು ಎಂದು. ಬೆಂಗಳೂರಿನ ಕಂಪನಿಗಳು ಮೂರು ನಾಲ್ಕು ವರ್ಷದ ಲೀಸ್ ಮುಗಿದ ಮೇಲೆ ರಾಶಿಯಾಗಿ ಬಿಡುವ ಆಫೀಸ್ ಲ್ಯಾಪ್‌ಟಾಪ್‌ಗಳಾದ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್, ಎಲೀಟ್‌ಬುಕ್ ನನಗೆ ಇಷ್ಟ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಪೇಟೆಯಿಂದ ಘಾಟಿ ಇಳಿದು ಬರುವವು ಇವೇ. ಕೀಲಿಮಣೆಯ ಅಕ್ಷರ ಸವೆದಿರುತ್ತದೆ, ಮೂಲೆ ಜಜ್ಜಿರುತ್ತದೆ, ನೋಡಲು ಚಂದ ಇಲ್ಲ. ಆದರೆ ಎಸಿ ಕೋಣೆಯಲ್ಲಿ ದುಡಿದವು, ಕೀಲು ಗಟ್ಟಿ, ಹೆಚ್ಚಿನ ಮಾಡೆಲ್‌ಗಳಲ್ಲಿ ರ‍್ಯಾಮ್, ಡಿಸ್ಕ್ ಬದಲಿಸಲು ಬರುತ್ತದೆ. ಬಿಚ್ಚುವುದು ಹೇಗೆಂಬ ಕೈಪಿಡಿಯನ್ನು ತಯಾರಕರೇ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೋಗುವ ಹುಡುಗರು ಮಾರುವ ಗೇಮಿಂಗ್ ಲ್ಯಾಪ್‌ಟಾಪ್ ನೋಡಲು ಆಸೆಯಾಗುತ್ತದೆ. ನಾಲ್ಕು ವರ್ಷ ಹಾಸಿಗೆಯ ಮೇಲೆ ಇಟ್ಟು, ಗಾಳಿಯ ದಾರಿ ಮುಚ್ಚಿ ಆಡಿದ್ದು ಎಂದು ನೆನಪಿಟ್ಟುಕೊಂಡು ಬೆಲೆ ಹೇಳಿ. ಗಲ್ಫ್‌ನಿಂದ ಬಂದದ್ದರ ಕೀಲಿಗಳ ಮೇಲೆ ಅರಬಿ ಅಕ್ಷರ ಇದ್ದರೆ ತೊಂದರೆ ಇಲ್ಲ. ಆ ಚಪ್ಪಟೆ ಕಾಲಿನ ಪ್ಲಗ್ಗಿಗೆ ಅಗ್ಗದ ಕನ್ವರ್ಟರ್ ಹಾಕಿ, ಅರ್ತಿಂಗ್ ಇಲ್ಲದೆ ಲೋಹದ ಮೈ ಮುಟ್ಟಿದಾಗ ಕೈ ಜುಮ್ಮೆನ್ನುವುದು ತೊಂದರೆ. ಅಡಾಪ್ಟರಿನ ತಂತಿಯನ್ನೇ ನಮ್ಮ ಮೂರು ಪಿನ್ನಿನದ್ದಕ್ಕೆ ಬದಲಿಸಿ, ದೊಡ್ಡ ಖರ್ಚಲ್ಲ.

ಮಾರುವವರ ಮಾತು ನಿಜವೋ ಎಂದು ಡಿಸ್ಕನ್ನೇ ಕೇಳಬಹುದು. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿದರೆ ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಕಾಣುತ್ತದೆ. ವರ್ಷಕ್ಕೆ 8,760 ಗಂಟೆ. ಆಫೀಸಿನಲ್ಲಿ ದಿನಕ್ಕೆ ಒಂಬತ್ತು ಗಂಟೆಯಂತೆ 300 ದಿನ ಓಡಿದರೆ 2,700. ಮೂರು ವರ್ಷದ ಆಫೀಸ್ ಯಂತ್ರಕ್ಕೆ ಎಂಟು ಸಾವಿರ ಗಂಟೆ ಇದ್ದರೆ ಸಹಜ. "ಎರಡೇ ವರ್ಷ, ಮನೆಯಲ್ಲಿ ಇದ್ದದ್ದು" ಎಂದು ತಂದ ಒಂದರಲ್ಲಿ ಹದಿನೇಳು ಸಾವಿರ ಕಂಡಿತು. ಅಂದರೆ ಎರಡು ವರ್ಷ ಹಗಲು ರಾತ್ರಿ ಆಫ್ ಆದದ್ದೇ ಇಲ್ಲ. ಎಲ್ಲೋ ಸಿಸಿ ಕ್ಯಾಮೆರಾ ನೋಡಲು ಇಟ್ಟಿದ್ದಿರಬೇಕು. ಹಳೆಯ ಹಾರ್ಡ್ ಡಿಸ್ಕ್ ಆದರೆ ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್, ಅಂದರೆ ಕೆಟ್ಟ ಮತ್ತು ಕೆಟ್ಟಿರಬಹುದಾದ ಜಾಗಗಳ ಲೆಕ್ಕ, ಎರಡೂ ಸೊನ್ನೆ ಇರಬೇಕು. ಡಿಸ್ಕ್ ಮಾತ್ರ ಹೊಸತು ಹಾಕಿದ್ದರೆ ಈ ಲೆಕ್ಕ ಯಂತ್ರದ ವಯಸ್ಸು ಹೇಳುವುದಿಲ್ಲ. ಆಗ ಅಡಿಯ ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವಾಗ ಮುಗಿದದ್ದು ನೋಡಿ.

ಬ್ಯಾಟರಿಗೆ ವಿಂಡೋಸಿನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಕಮಾಂಡ್ ಉಂಟು. ಅದರಲ್ಲಿ ಎರಡು ಸಂಖ್ಯೆ ಮುಖ್ಯ: ಹುಟ್ಟುವಾಗ ಹಿಡಿಯುತ್ತಿದ್ದ ಚಾರ್ಜು, ಈಗ ಹಿಡಿಯುವ ಚಾರ್ಜು. 50,000 ಇದ್ದದ್ದು 30,000ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ. ಹಳೆಯ ಯಂತ್ರದಲ್ಲಿ ಎರಡೂ ಸಂಖ್ಯೆ ಒಂದೇ ಇದ್ದರೆ ಹಿಗ್ಗಬೇಡಿ, ಯಾರೋ ಅಗ್ಗದ ನಕಲಿ ಬ್ಯಾಟರಿ ಹಾಕಿರಬಹುದು. ಚಾರ್ಜರ್ ಕಿತ್ತು ಇಪ್ಪತ್ತು ನಿಮಿಷ ವಿಡಿಯೊ ಓಡಿಸಿದರೆ ಬಣ್ಣ ಬಯಲು. ಸಮತಟ್ಟಾದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೊಟ್ಟಿಲಿನಂತೆ ತೂಗಿದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಒಳಗೆ ಬ್ಯಾಟರಿ ಉಬ್ಬಿದೆ. ಅದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಬೇಡಿ.

ಉಳಿದದ್ದು ಬೇಗ: ನೋಟ್‌ಪ್ಯಾಡ್ ತೆರೆದು ಎಲ್ಲ ಕೀಲಿ ಒತ್ತಿ, ಎಲ್ಲ ಯುಎಸ್‌ಬಿಗೂ ಪೆನ್‌ಡ್ರೈವ್ ಹಾಕಿ, ಬಿಳಿ ಪರದೆ ತಂದು ಕಲೆ ನೋಡಿ, ನಿಮ್ಮ ಮೊಬೈಲಿನ ಹಾಟ್‌ಸ್ಪಾಟಿಗೆ ವೈಫೈ ಸೇರಿಸಿ.

ಇನ್ನು ಐ5 ವಿಷಯ. ಇಂಟೆಲ್ ಈ ಹೆಸರಲ್ಲಿ ಪ್ರೊಸೆಸರ್ ಮಾರಲು ಸುರು ಮಾಡಿದ್ದು 2009ರಲ್ಲಿ. ಐ5 ಎಂದರೆ ಮನೆತನದ ಹೆಸರು ಹೇಳಿದ ಹಾಗೆ, ಅಜ್ಜನೂ ಅದೇ, ಮೊಮ್ಮಗನೂ ಅದೇ. ತಲೆಮಾರು ತಿಳಿಯುವುದು ಮುಂದಿನ ಸಂಖ್ಯೆಯಿಂದ. 6200 ಎಂದಿದ್ದರೆ ಆರನೆಯದು, 2015ರ ಹೊತ್ತಿನದು. 8250 ಎಂಟನೆಯದು, 1135 ಹನ್ನೊಂದನೆಯದು. ಇದು ಒಣ ಲೆಕ್ಕವಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚಿನದನ್ನು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ ಬೇಕು. ಅಕ್ಕನ ಯಂತ್ರದಲ್ಲಿ ಇದ್ದದ್ದು 6200. ಅದಕ್ಕೆ ವಿಂಡೋಸ್ 11 ಹೇಗೆ ಬಂತು? ತಪಾಸಣೆಯನ್ನು ದಾಟಿಸಿ ಹಾಕುವ ಉಪಾಯಗಳಿವೆ, ನನಗೂ ಗೊತ್ತು. ಇವತ್ತು ಓಡುತ್ತದೆ. ಮುಂದಿನ ದೊಡ್ಡ ಅಪ್‌ಡೇಟ್ ಸಿಗುತ್ತದೆ ಎಂಬ ಭರವಸೆಯನ್ನು ಮಾತ್ರ ಯಾರೂ ಕೊಟ್ಟಿಲ್ಲ.

ಆ ವಿಂಡೋಸ್ ಅಸಲಿಯೋ ಎಂದೂ ನೋಡಬೇಕು. ಬ್ರ್ಯಾಂಡೆಡ್ ಲ್ಯಾಪ್‌ಟಾಪ್ ವಿಂಡೋಸ್ ಜೊತೆಗೇ ಬಂದದ್ದಾದರೆ ಲೈಸೆನ್ಸ್ ಬೋರ್ಡಿಗೇ ಅಂಟಿಕೊಂಡಿರುತ್ತದೆ, ಹೊಸತಾಗಿ ಹಾಕಿದರೂ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಆದರೂ ಕೆಲವರು ಅಭ್ಯಾಸಬಲದಿಂದ ಕ್ರ್ಯಾಕ್, ಅಂದರೆ ಲೈಸೆನ್ಸ್ ತಪ್ಪಿಸುವ ಕಳ್ಳ ತಂತ್ರಾಂಶ, ಹಾಕುತ್ತಾರೆ. ಅದಕ್ಕಾಗಿ ಆ್ಯಂಟಿವೈರಸ್ ಆಫ್ ಮಾಡಿ ಕೊಟ್ಟ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತಲು ನನಗೆ ಧೈರ್ಯ ಇಲ್ಲ.

ಎಲ್ಲಕ್ಕಿಂತ ಬೇಸರದ್ದು ಇನ್ನೊಂದು. ಸುರತ್ಕಲ್ ಕಡೆಯ ಹುಡುಗನೊಬ್ಬ ಲೀಸ್ ಮುಗಿದ ಲ್ಯಾಪ್‌ಟಾಪ್ ತೆಗೆದುಕೊಂಡ, ಮೂರು ತಿಂಗಳು ಚಂದ ಓಡಿತು. ನಿಧಾನವಾಯಿತೆಂದು ರೀಸೆಟ್ ಮಾಡಿ ವೈಫೈ ಸೇರಿಸಿದ್ದೇ ತಡ, ಯಾವುದೋ ಕಂಪನಿಯ ಹೆಸರು ಬಂತು, ಅಲ್ಲಿನ ನೌಕರರ ಇಮೇಲ್ ಕೇಳಿತು. ಕಂಪನಿಯವರು ಮಾರುವಾಗ ತಮ್ಮ ಆಟೋಪೈಲಟ್ ಪಟ್ಟಿಯಿಂದ (ಕಂಪನಿಯ ಯಂತ್ರಗಳನ್ನು ಇಂಟರ್ನೆಟ್ ಮೂಲಕ ಗುರುತಿಸುವ ಮೈಕ್ರೋಸಾಫ್ಟ್ ವ್ಯವಸ್ಥೆ) ಅದನ್ನು ತೆಗೆದಿರಲಿಲ್ಲ. ಮಾರಿದವರು ಇಂಟರ್ನೆಟ್ ಇಲ್ಲದೆ ವಿಂಡೋಸ್ ಹಾಕಿದ್ದರಿಂದ ಅಷ್ಟು ದಿನ ಗೊತ್ತಾಗಲಿಲ್ಲ. ಇದಕ್ಕೆ ಡಿಸ್ಕ್ ಬದಲಿಸಿದರೂ ಆಗದು, ಗುರುತು ಬೋರ್ಡಿನದು. "ಎಂತ ಮಾರಾಯ್ರೆ, ಒಂದು ಗಂಟೆ ಹೋಗ್ತದೆ" ಎಂದು ಮಾರುವವರು ಗೊಣಗಿದರೂ ಸರಿ, ನಿಮ್ಮೆದುರೇ, ವೈಫೈ ಸೇರಿಸಿಯೇ ರೀಸೆಟ್ ಮಾಡಿಸಿ. ಹಾಗೆಯೇ, ಆನ್ ಮಾಡುವಾಗಲೇ ಒಂದು ಕೀಲಿ ಒತ್ತಿ ಬಯೋಸ್ (ವಿಂಡೋಸಿಗಿಂತ ಮೊದಲು ತೆರೆಯುವ ಸೆಟ್ಟಿಂಗ್) ಒಳಗೆ ಹೋಗಿ ಪಾಸ್‌ವರ್ಡ್ ಕೇಳುತ್ತದೋ ನೋಡಿ. ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಥಿಂಕ್‌ಪ್ಯಾಡಿಗೆ ಎಫ್1.

ಪ್ರಿಂಟಿಂಗ್ ಅಂಗಡಿಯವರಿಗೆ ಬೇರೆಯೇ ಮಾತು. ಯಕ್ಷಗಾನದ ಕರಪತ್ರ, ದೈವದ ನೇಮದ ಆಮಂತ್ರಣ ಎಲ್ಲ ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫಾಂಟಿನಲ್ಲಿ ಕೂತಿರುತ್ತದೆ. ಆ ಫೈಲುಗಳು ಎಲ್ಲ ಯಂತ್ರಕ್ಕೂ ಅರ್ಥವಾಗುವ ಯುನಿಕೋಡ್ ಅಲ್ಲ, ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರದ ಗೋಜಲು. ಹಳೆಯ 16 ಬಿಟ್ ತಂತ್ರಾಂಶ ವಿಂಡೋಸ್ 11ರಲ್ಲಿ ಓಡುವುದೇ ಇಲ್ಲ. ಹೊಸದಕ್ಕೆ ಹಣ ಕೊಡುವ ಮೊದಲು ನಾಲ್ಕು ಹಳೆಯ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಲ್ಲೇ ತೆರೆದು ನೋಡಿ.

ಬರೀ ಬರವಣಿಗೆ, ಇಂಟರ್ನೆಟ್, ಯೂಟ್ಯೂಬ್ ಸಾಕು ಎನ್ನುವವರಿಗೆ ಆರನೇ ತಲೆಮಾರಿನದ್ದೂ ನಡೆಯುತ್ತದೆ, ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಕೂರಿಸಿದರೆ. ಕನ್ನಡ ಟೈಪಿಂಗ್‌ಗೂ ಚಿಂತೆ ಇಲ್ಲ. ನಮ್ಮದೇ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕೀಲಿಮಣೆ ಅದರಲ್ಲೂ ಸಿಗುತ್ತದೆ. ಆದರೆ ಕಾಲೇಜಿನವರು ವಿಂಡೋಸ್ ತಂತ್ರಾಂಶವೇ ಬೇಕೆಂದರೆ ಇದು ಆಗದು. ಅಕ್ಕನ ಮಗನಿಗೆ ಅದೇ ಆಗಿತ್ತು.

ಅವರು ವಾಪಸು ಕೊಡಲು ಹೋದರು. ಮಾರಿದವರು ಸಾವಿರ ರೂಪಾಯಿ ಹಿಡಿದುಕೊಂಡು ಉಳಿದದ್ದು ಕೊಟ್ಟರಂತೆ, ಪುಣ್ಯ. ಎರಡು ವಾರ ಬಿಟ್ಟು ಮಂಗಳೂರಿನ ಯಾವುದೋ ಅಂಗಡಿಯಿಂದಲೇ ಫೋನ್.

"ಅಣ್ಣಾ, ಮಗುಚಿ ಹಾಕಿದ್ದೇನೆ. ಸ್ಕ್ರೂ ಎಲ್ಲ ಬೆಳ್ಳಗೆ ಉಂಟು, ಕೀಲಿಯಲ್ಲಿ ಮಾತ್ರ ಎ ಅಕ್ಷರ ಅಳಿಸಿ ಹೋಗಿದೆ. 8250 ಅಂತ ಬರ್ತದೆ. ಇಂಟರ್ನೆಟ್ ಹಾಕಿ ರೀಸೆಟ್ ಮಾಡ್ಲಿಕ್ಕೆ ಹೇಳಿದ್ದಕ್ಕೆ ಇವರು ನನ್ನ ಮುಖವೇ ನೋಡ್ತಿದ್ದಾರೆ."

"ಆಗುವವರೆಗೆ ಅಲ್ಲೇ ಕೂತುಕೊಳ್ಳಿ ಅಕ್ಕ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳದೆ ಏಳಬೇಡಿ" ಎಂದೆ.