ಕಾರ್ಡ್ ತೋರಿಸಿದರೂ ಲೌಂಜ್ ಬಾಗಿಲು ಈಗ ಯಾಕೆ ತೆರೆಯುವುದಿಲ್ಲ?

ಹೋದ ವರ್ಷ ಅಮ್ಮನ ಜೊತೆ ಹೊರಟಿದ್ದಾಗ ನಡೆದದ್ದು ಇದು. ವಿಮಾನ ಬದಲಿಸಲು ಮಧ್ಯೆ ನಾಲ್ಕು ಗಂಟೆ ಇತ್ತು. ಅಮ್ಮನಿಗೆ ಮಂಡಿನೋವು, ಕಾಲು ಚಾಚಿ ಕೂರುವ ಜಾಗ ಬೇಕಿತ್ತು. ನಿಲ್ದಾಣದೊಳಗೆ ಆರಾಮಾಗಿ ಕೂತು ಊಟ ಮಾಡುವ ಕೋಣೆ, ಅಂದರೆ ಲೌಂಜ್ ಇದೆ, ಅದರೊಳಗೆ ಬಿಡಿಸುವ ಕ್ರೆಡಿಟ್ ಕಾರ್ಡ್ ಕೈಯಲ್ಲಿದೆ, ಬಾ ಅಂತ ಧೈರ್ಯವಾಗಿ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಕಾರ್ಡ್ ಸ್ವೈಪ್ ಮಾಡಿದಳು, ಇಬ್ಬರ ಬೋರ್ಡಿಂಗ್ ಪಾಸ್ ಸ್ಕ್ಯಾನ್ ಮಾಡಿದಳು, ಪರದೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ನನಗೆ ಪ್ರವೇಶ ಇದೆ, ಅಮ್ಮನಿಗೆ ಇಲ್ಲ. ಹಿಂದಿನ ಸಲ ಅದೇ ಕಾರ್ಡಿನಲ್ಲಿ ಇಬ್ಬರೂ ಒಳಗೆ ಹೋಗಿದ್ದೆವು. ನಡುವೆ ನಿಯಮ ಬದಲಾಗಿತ್ತು. ಅದನ್ನು ತಿಳಿಸಿದ ಇಮೇಲ್ ಆಮೇಲೆ ಹುಡುಕಿದಾಗ ಸಿಕ್ಕಿತು, ಬೇರೆ ಏನೇನೋ ಹೊಸ ಆಫರ್‌ಗಳ ಕೆಳಗೆ, ಕೊನೆಯ ಸಾಲುಗಳಲ್ಲಿ.

ನಮ್ಮ ಹಿಂದೆ ಸರತಿಯಲ್ಲಿ ಇಪ್ಪತ್ತು ಮಂದಿಯಾದರೂ ಇದ್ದರು. ಅಮ್ಮ ‘ನೀನು ಹೋಗಿ ಬಾರೋ, ನಾನು ಇಲ್ಲೇ ಕೂತಿರ್ತೀನಿ’ ಅಂದರು. ಆ ಮಾತು ಇನ್ನೂ ಮನಸ್ಸಿನಲ್ಲಿದೆ. ಇಬ್ಬರೂ ಗೇಟಿನ ಹತ್ತಿರ ಹೋಗಿ ಕೂತೆವು.

ಹೀಗೆ ಬಾಗಿಲಿನಿಂದ ವಾಪಸ್ ಬರುವವರು ಈಗ ಜಾಸ್ತಿ ಆಗಿದ್ದಾರೆ. ಒಂದು ಕಾರ್ಡಿಗೆ ವರ್ಷಕ್ಕೆ ಇಷ್ಟೇ ಸಲ, ಇನ್ನೊಂದಕ್ಕೆ ಮೂರು ತಿಂಗಳಿಗೆ ಇಷ್ಟು ಖರ್ಚು ಮಾಡಿದ್ದರೆ ಮಾತ್ರ, ಮತ್ತೊಂದಕ್ಕೆ ಮೊದಲೇ ಆ್ಯಪಿನಲ್ಲಿ ನೋಂದಣಿ ಆಗಿರಬೇಕು. ಕಾರ್ಡ್ ಇಟ್ಟುಕೊಂಡವರಿಗೇ ಅರ್ಥವಾಗದಷ್ಟು ಗೋಜಲು. ಇದು ಒಂದೇ ದಿನದಲ್ಲಿ ಆದದ್ದಲ್ಲ.

ಮೊದಲ ಲೌಂಜ್‌ಗೆ ಟಿಕೆಟ್ಟೂ ಬೇಕಿರಲಿಲ್ಲ, ಕಾರ್ಡೂ ಬೇಕಿರಲಿಲ್ಲ, ಆಹ್ವಾನ ಬೇಕಿತ್ತು. 1939ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ ‘ಅಡ್ಮಿರಲ್ಸ್ ಕ್ಲಬ್’ ತೆರೆಯಿತು. ಆಗ ಕಂಪನಿಯ ಅಧ್ಯಕ್ಷರಾಗಿದ್ದವರು ಸಿ.ಆರ್. ಸ್ಮಿತ್. ಕಂಪನಿಗೆ ಬೇಕಾದ ಗಿರಾಕಿಗಳಿಗೆ, ಹೆಸರಾಂತ ಜನರಿಗೆ ಅವರು ‘ಅಡ್ಮಿರಲ್’ ಅಂತ ಬಿರುದು ಕೊಡುತ್ತಿದ್ದರು, ಆ ಬಿರುದು ಇದ್ದವರಿಗೆ ಈ ಕೋಣೆ. ಯಾರನ್ನು ಒಳಗೆ ಬಿಡಬೇಕು ಅನ್ನುವುದು ಪೂರ್ತಿ ಕಂಪನಿಯ ಇಷ್ಟ. ಇದು ತಾರತಮ್ಯ ಅನ್ನುವ ತಕರಾರು 1960ರ ದಶಕದಲ್ಲಿ ಎದ್ದ ಮೇಲೆ ಅಮೆರಿಕದಲ್ಲಿ ಇಂಥ ಕ್ಲಬ್‌ಗಳು ದುಡ್ಡು ಕೊಟ್ಟರೆ ಸದಸ್ಯತ್ವ ಅನ್ನುವ ದಾರಿಗೆ ಬಂದವು. 1981ರಲ್ಲಿ ಅದೇ ಕಂಪನಿ ಎಎಡ್ವಾಂಟೇಜ್ ಅನ್ನುವ ಯೋಜನೆ ಶುರು ಮಾಡಿತು. ಹಾರಿದ ಮೈಲಿ ಲೆಕ್ಕ ಹಾಕಿ ಗಿರಾಕಿಗಳನ್ನು ದರ್ಜೆ ದರ್ಜೆಯಾಗಿ ವಿಂಗಡಿಸುವ ಪದ್ಧತಿ ಬೇರೆ ಕಂಪನಿಗಳಿಗೂ ಹಬ್ಬಿತು. ಲೌಂಜ್ ಅಂದರೆ ದುಬಾರಿ ಟಿಕೆಟ್ ತೆಗೆದುಕೊಂಡವರದ್ದು, ಇಲ್ಲವೇ ವರ್ಷವಿಡೀ ಹಾರುವವರದ್ದು, ಅನ್ನುವ ಕಲ್ಪನೆ ಗಟ್ಟಿಯಾಯಿತು.

ಕಾರ್ಡಿನ ಕಥೆ ಬೇರೆ ಕಡೆಯಿಂದ ನಡೆದು ಬಂತು. 1950ರಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಬಂದಾಗ ಅದು ಹೋಟೆಲಿನ ಬಿಲ್ ಆಮೇಲೆ ಕಟ್ಟುವ ಅನುಕೂಲ ಅಷ್ಟೇ. ಎರಡು ಕಥೆಗಳನ್ನೂ ಒಂದು ಮಾಡಿದ್ದು 1992ರಲ್ಲಿ ಶುರುವಾದ ಪ್ರಯಾರಿಟಿ ಪಾಸ್ ಅನ್ನುವ ಕಂಪನಿ. ಅದರ ಯೋಚನೆ ಬಹಳ ಸರಳ. ಲೌಂಜ್‌ಗಳನ್ನು ನಾವೇ ಕಟ್ಟುವುದು ಬೇಡ, ಬೇರೆ ಬೇರೆಯವರು ಕಟ್ಟಿದ ಲೌಂಜ್‌ಗಳ ಜೊತೆ ಒಪ್ಪಂದ ಮಾಡಿಕೊಳ್ಳೋಣ, ಒಂದೇ ಸದಸ್ಯತ್ವದಲ್ಲಿ ಎಲ್ಲ ಕಡೆ ಒಳಗೆ ಬಿಡಿಸೋಣ. ನೀವು ಯಾವ ವಿಮಾನ ಹತ್ತುತ್ತೀರಿ, ಯಾವ ಸೀಟು, ಯಾರೂ ಕೇಳುವುದಿಲ್ಲ. ಎಕಾನಮಿ ಟಿಕೆಟ್ ಇದ್ದವರೂ ಒಳಗೆ ಹೋಗಬಹುದು. ನನ್ನ ಮಟ್ಟಿಗೆ ಇದು ನಿಜವಾಗಿ ಒಳ್ಳೆಯ ಬದಲಾವಣೆ.

ಆದರೆ ಈ ಸದಸ್ಯತ್ವವನ್ನು ಜಾಸ್ತಿ ಕೊಂಡದ್ದು ಪ್ರಯಾಣಿಕರಲ್ಲ, ಬ್ಯಾಂಕುಗಳು. ತಮ್ಮ ದುಬಾರಿ ಕಾರ್ಡಿನ ಜೊತೆ ಇದನ್ನು ಸೇರಿಸಿ ಕೊಟ್ಟವು. ಇಲ್ಲಿಂದ ಮುಂದೆ ಹಣ ಹೇಗೆ ಓಡಾಡುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು, ಇಲ್ಲದಿದ್ದರೆ ಈಗಿನ ಗೋಜಲು ಅರ್ಥವಾಗುವುದಿಲ್ಲ.

ನಾವು ‘ಉಚಿತ’ ಅಂತ ಒಳಗೆ ಹೋದ ಪ್ರತಿ ಸಲವೂ ಸಾಮಾನ್ಯವಾಗಿ ಒಂದು ಬಿಲ್ ಹುಟ್ಟುತ್ತದೆ. ಕಾರ್ಡ್ ಕೊಟ್ಟ ಬ್ಯಾಂಕು ಪ್ರಯಾರಿಟಿ ಪಾಸ್ ಥರದ ನಡುವಿನ ಕಂಪನಿಗೆ ತಲೆಗೆ ಇಷ್ಟು ಅಂತ ಕಟ್ಟುತ್ತದೆ, ಆ ಕಂಪನಿ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಲೌಂಜ್ ನಡೆಸುವವರಿಗೆ ಕೊಡುತ್ತದೆ. ಬ್ಯಾಂಕಿಗೆ ಈ ದುಡ್ಡು ಎಲ್ಲಿಂದ ಬರುತ್ತದೆ? ಒಂದು, ನಾವು ಕಟ್ಟುವ ವಾರ್ಷಿಕ ಶುಲ್ಕ. ಎರಡು, ಬಾಕಿ ಉಳಿಸಿಕೊಂಡವರ ಬಡ್ಡಿ. ಮೂರು, ನಾವು ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವರಿಂದ ಕಡಿತವಾಗುವ ಸಣ್ಣ ಪಾಲು, ಇಂಟರ್‌ಚೇಂಜ್. 2015ರಲ್ಲಿ ಯುರೋಪಿಯನ್ ಒಕ್ಕೂಟ ಸಾಮಾನ್ಯ ಕ್ರೆಡಿಟ್ ಕಾರ್ಡುಗಳಿಗೆ ಈ ಪಾಲು 0.3 ಶೇಕಡಾ ದಾಟಬಾರದು ಅಂತ ಕಟ್ಟು ಹಾಕಿತು. ಅಂಥ ಮಿತಿ ಇಲ್ಲದ ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿನ ಸವಲತ್ತುಗಳು ಅಷ್ಟು ದೊಡ್ಡದಾಗಿ ಬೆಳೆದದ್ದಕ್ಕೆ ಈ ಆದಾಯವೂ ಒಂದು ಕಾರಣ.

ಇನ್ನೂ ಒಂದು ಲೆಕ್ಕ ಇದೆ, ಅದೇ ಮುಖ್ಯ. ಜಿಮ್ ಸದಸ್ಯತ್ವ ತೆಗೆದುಕೊಂಡವರೆಲ್ಲ ದಿನಾ ಬಂದರೆ ಜಿಮ್‌ನಲ್ಲಿ ನಿಲ್ಲಲು ಜಾಗ ಇರುವುದಿಲ್ಲ, ಅಲ್ವಾ? ಲೌಂಜ್ ಸವಲತ್ತೂ ಹಾಗೆಯೇ. ಕೊಟ್ಟವರಲ್ಲಿ ಬಹಳ ಜನ ಬಳಸುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಅದು ನಿಂತಿತ್ತು. ಕೆಲವರಿಗೆ ಸವಲತ್ತು ಇರುವುದೇ ಗೊತ್ತಿರಲಿಲ್ಲ. ಕೆಲವರಿಗೆ ಆ ಬಾಗಿಲು ತಮ್ಮಂಥವರಿಗಲ್ಲ ಅನ್ನುವ ಸಂಕೋಚ ಇತ್ತು.

ಆ ನಂಬಿಕೆ ಮುರಿದದ್ದು 2010ರ ನಂತರ. 2013ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಲಾಸ್ ವೇಗಸ್‌ನಲ್ಲಿ ತನ್ನದೇ ಸೆಂಚುರಿಯನ್ ಲೌಂಜ್ ತೆರೆಯಿತು. ಕಾರ್ಡ್ ಕಂಪನಿಯೇ ಲೌಂಜ್ ಕಟ್ಟಿ ಅದನ್ನು ಕಾರ್ಡಿನ ಮುಖವನ್ನಾಗಿ ಮಾಡಿತು. 2016ರಲ್ಲಿ ಚೇಸ್ ಬ್ಯಾಂಕಿನ ಸಫೈರ್ ರಿಸರ್ವ್ ಅನ್ನುವ ಲೋಹದ ಕಾರ್ಡ್ ಬಂದಾಗ ಅರ್ಜಿಗಳು ಎಷ್ಟು ಬಂದವು ಅಂದರೆ, ಕಾರ್ಡ್ ಮಾಡಲು ಬೇಕಾದ ಲೋಹವೇ ಸಾಲದೆ ಹೋಯಿತು. ಯಾವ ಕಾರ್ಡಿಗೆ ಯಾವ ಲೌಂಜ್, ಜೊತೆಗೆ ಎಷ್ಟು ಜನ ಗೆಸ್ಟ್, ಅಂತ ವಿಡಿಯೋ ಮಾಡಿ ಹೇಳುವವರು ಹುಟ್ಟಿಕೊಂಡರು. ಸಂಕೋಚ ಹೋಯಿತು. ಮಕ್ಕಳನ್ನು ಎತ್ತಿಕೊಂಡವರು, ವಯಸ್ಸಾದವರು, ಮೊದಲ ಸಲ ವಿಮಾನ ಹತ್ತುವವರು ಕೂಡ ಬಂದರು. ಬರಬೇಕಾದದ್ದೇ. ಶುಲ್ಕ ಕಟ್ಟಿದವರು ಸವಲತ್ತು ಬಳಸುವುದರಲ್ಲಿ ತಪ್ಪೇನಿದೆ?

ಕೋಣೆ ಮಾತ್ರ ದೊಡ್ಡದಾಗಲಿಲ್ಲ. ನಿಲ್ದಾಣದ ಒಳಗೆ ಒಂದೊಂದು ಚದರಡಿಗೂ ಬಾಡಿಗೆ ಇದೆ, ಅಂಗಡಿಗಳೂ ಅದೇ ಜಾಗಕ್ಕೆ ಕಾದಿರುತ್ತವೆ. ಒತ್ತಡ ಇಳಿಸಲು ಕೆಲವು ನಿಲ್ದಾಣಗಳಲ್ಲಿ ಲೌಂಜ್ ಬದಲು ರೆಸ್ಟೋರೆಂಟಿನಲ್ಲಿ ಇಷ್ಟು ಮೊತ್ತದ ಊಟ ಅಂತ ಸೇರಿಸಿದರು. ಅದೂ ಖರ್ಚು ಹೆಚ್ಚಿಸಿತು. ಅಮೆರಿಕನ್ ಎಕ್ಸ್‌ಪ್ರೆಸ್ 2019ರಲ್ಲಿ ಅದನ್ನು ಕೈಬಿಟ್ಟಿತು, ಚೇಸ್ 2024ರಲ್ಲಿ.

ಕೋವಿಡ್ ಬಂದು ಎಲ್ಲ ಮುಚ್ಚಿತು. ಮತ್ತೆ ತೆರೆದಾಗ, 2022ರ ಹೊತ್ತಿಗೆ, ಜನ ಒಟ್ಟಿಗೆ ಹೊರಟರು. ಆಮೇಲೆ ಕಂಡದ್ದು ಲೌಂಜ್ ಹೊರಗಿನ ಸರತಿ. ವಿಶ್ರಾಂತಿಗೆ ಅಂತ ಹೋದವರು ಸೂಟ್‌ಕೇಸ್ ಮೇಲೆ ಕೈ ಊರಿ ಅರ್ಧ ಗಂಟೆ ನಿಲ್ಲುವುದು, ಒಳಗೆ ಹೋದ ಮೇಲೆ ಖಾಲಿ ಕುರ್ಚಿ ಹುಡುಕುತ್ತಾ ತಟ್ಟೆ ಹಿಡಿದು ತಿರುಗುವುದು.

ನಿಯಮಗಳು ಬಿಗಿಯಾದದ್ದು ಈ ಹಂತದಲ್ಲಿ. ಬಿಗಿ ಮಾಡಲು ಇದ್ದದ್ದು ನಾಲ್ಕೈದು ತಿರುಪುಗಳು, ಒಬ್ಬೊಬ್ಬರೂ ಬೇರೆ ಬೇರೆ ಜೋಡಣೆಯಲ್ಲಿ ತಿರುಗಿಸಿದರು. ಮೊದಲನೆಯದು ಸಮಯ: ವಿಮಾನ ಹೊರಡುವುದಕ್ಕೆ 3 ಗಂಟೆ ಉಳಿದ ಮೇಲೆ ಮಾತ್ರ ಬನ್ನಿ. ಎರಡನೆಯದು ಗೆಸ್ಟ್. 2023ರ ಫೆಬ್ರವರಿಯಿಂದ ಅಮೆರಿಕದಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಪ್ಲಾಟಿನಂ ಕಾರ್ಡಿನವರು ಸೆಂಚುರಿಯನ್ ಲೌಂಜ್‌ಗೆ ಉಚಿತವಾಗಿ ಗೆಸ್ಟ್ ಕರೆತರಬೇಕಾದರೆ ಒಂದು ವರ್ಷದಲ್ಲಿ 75,000 ಡಾಲರ್ ಖರ್ಚು ಮಾಡಿರಬೇಕು ಅಂತಾಯಿತು. ಮೂರನೆಯದು ಭೇಟಿಗಳ ಎಣಿಕೆ. ಡೆಲ್ಟಾ ವಿಮಾನ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ತನ್ನ ರಿಸರ್ವ್ ಕಾರ್ಡಿಗೆ ವರ್ಷಕ್ಕೆ 10 ಭೇಟಿ ಅಂತ ಪ್ರಕಟಿಸಿತು. ಗಿರಾಕಿಗಳು ಎಷ್ಟು ಸಿಟ್ಟಾದರೆಂದರೆ, ಅತಿಯಾಯಿತು ಅಂತ ಕಂಪನಿಯ ಮುಖ್ಯಸ್ಥರೇ ಒಪ್ಪಿಕೊಂಡರು. ಮುಂದಿನ ತಿಂಗಳೇ ಅದು 15 ಆಯಿತು, 2025ರ ಫೆಬ್ರವರಿಯಿಂದ ಜಾರಿಗೆ ಬಂತು. ಗಲಾಟೆ ಮಾಡಿದರೆ ಸ್ವಲ್ಪವಾದರೂ ಸಡಿಲವಾಗುತ್ತದೆ ಅನ್ನುವುದಕ್ಕೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಇವುಗಳಲ್ಲಿ ನನಗೆ ಹೆಚ್ಚು ಕಸಿವಿಸಿ ಕೊಡುವುದು ಖರ್ಚಿನ ಷರತ್ತು. ಭೇಟಿಗೆ ಮಿತಿ ಇದ್ದರೆ ಅರ್ಥವಾಗುತ್ತದೆ, ಕುರ್ಚಿ ಇರುವುದೇ ಅಷ್ಟು. ಆದರೆ ಇಷ್ಟು ಖರ್ಚು ಮಾಡಿದರೆ ಮಾತ್ರ ಬಾಗಿಲು ಅಂದಾಗ, ಎರಡು ಸಲ ಕಾಲು ಚಾಚಿ ಕೂರುವುದಕ್ಕೋಸ್ಕರ ಬೇಡದ್ದನ್ನೆಲ್ಲ ಕೊಳ್ಳುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಾಕಿ ಉಳಿದರೆ ಆ ತಿಂಗಳ ಬಡ್ಡಿ ಲೌಂಜ್‌ಗೆ ನೇರವಾಗಿ ಕೊಡುವ ದುಡ್ಡಿಗಿಂತ ಜಾಸ್ತಿ ಆಗಬಹುದು. ಷರತ್ತು ಹಾಕಿದವರು ಇದನ್ನು ಬಯಸಿದರು ಅಂತ ಹೇಳುತ್ತಿಲ್ಲ. ಆದರೆ ಹಾಗೆ ಆಗುತ್ತಿದೆ.

ಇನ್ನೊಂದು ಮಾತು. ಲೌಂಜ್ ಒಳಗೆ ಜನ ಹುಡುಕುವುದು ಏನನ್ನು ಅಂತ ನೋಡಿ: ಮೆತ್ತನೆಯ ಕುರ್ಚಿ, ಫೋನ್ ಚಾರ್ಜ್ ಮಾಡಲು ಪ್ಲಗ್, ಕುಡಿಯುವ ನೀರು, ಚೊಕ್ಕ ಶೌಚಾಲಯ, ಗದ್ದಲ ಕಡಿಮೆ. ಊಟದ ಆಸೆ ಇದ್ದರೂ ಅದು ಆಮೇಲೆ. ನಾನೂ ಅಮ್ಮನೂ ಕೂತಿದ್ದ ಗೇಟಿನಲ್ಲಿ ಪ್ರತಿ ಎರಡು ಕುರ್ಚಿಯ ಮಧ್ಯೆ ಕಬ್ಬಿಣದ ಕೈ ಇತ್ತು, ಮಲಗಲು ಆಗದ ಹಾಗೆ. ಪ್ಲಗ್ ಇದ್ದ ಒಂದೇ ಕಂಬದ ಸುತ್ತ ಆರು ಜನ ನೆಲದ ಮೇಲೆ ಕೂತಿದ್ದರು. ಹೊರಗಿನ ಹಾಲ್ ಇಷ್ಟು ಕಷ್ಟ ಕೊಡುವ ತನಕ ಒಳಗಿನ ಕೋಣೆಗೆ ಸರತಿ ಇದ್ದೇ ಇರುತ್ತದೆ.

ಈಗ ಹೊರಡುವವರು ಮನೆಯಲ್ಲೇ ನೋಡಿಕೊಳ್ಳಬೇಕಾದ ವಿಷಯ ಕೆಲವಿವೆ. ಭೇಟಿಯ ಎಣಿಕೆ ಜನವರಿಯಿಂದಲೋ ಕಾರ್ಡ್ ಬಂದ ದಿನದಿಂದಲೋ. ಗೆಸ್ಟ್‌ಗೆ ಕಡಿತ ಆಗುವುದು ನಿಮ್ಮ ಎಣಿಕೆಯಿಂದಲೋ ನಿಮ್ಮ ಬಿಲ್‌ನಿಂದಲೋ. ಜಾಗ ಇಲ್ಲದಿದ್ದರೆ ಕಾರ್ಡಿನವರನ್ನು ವಾಪಸ್ ಕಳಿಸುವ ಹಕ್ಕು ಲೌಂಜ್‌ಗೆ ಇದೆ ಅನ್ನುವ ಸಾಲು ಬಹುತೇಕ ಎಲ್ಲ ಷರತ್ತುಗಳಲ್ಲೂ ಇರುತ್ತದೆ, ಅದನ್ನೂ ಓದಿಕೊಳ್ಳಿ.

ಈ ಸಲ ಅಮ್ಮನ ಜೊತೆ ಹೊರಡುವಾಗ ನಾನು ಕಾರ್ಡನ್ನು ನೆಚ್ಚಿಕೊಳ್ಳಲಿಲ್ಲ. ಟಿಕೆಟ್ ಮಾಡುವಾಗಲೇ ವಿಮಾನದವರ ಹತ್ತಿರ ಗಾಲಿಕುರ್ಚಿ ಕೇಳಿ ಬರೆಸಿದೆ. ಗೇಟ್ ತನಕ ಕರೆದುಕೊಂಡು ಹೋದ ಹುಡುಗ ಅಮ್ಮನನ್ನು ಕಿಟಕಿ ಪಕ್ಕದಲ್ಲಿ ಬಿಟ್ಟ. ಕಾಲು ಇಡುವ ಹಲಗೆ ಇದ್ದದ್ದರಿಂದ ಮಂಡಿಗೆ ಅಷ್ಟು ನೋವಾಗಲಿಲ್ಲ.