ಕಂಗಾ ಓದುವುದು ಹೇಗೆ?

ಕಂಗಾ ಅಂದರೆ ಕೀನ್ಯಾ, ಟಾಂಜಾನಿಯಾದ ಹೆಂಗಸರು ಉಡುವ ಹತ್ತಿ ಬಟ್ಟೆ. ಉದ್ದ ಸುಮಾರು ಒಂದೂವರೆ ಮೀಟರ್, ಅಗಲ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಒಂದೇ ನಮೂನೆಯ ಎರಡು ತುಂಡು ಜೋಡಿಯಾಗಿ ಬರುತ್ತವೆ. ಒಂದನ್ನು ಸೊಂಟಕ್ಕೆ ಸುತ್ತಿಕೊಂಡು, ಇನ್ನೊಂದನ್ನು ತಲೆ, ಹೆಗಲಿಗೆ ಹೊದೆಯುತ್ತಾರೆ. ಹುಟ್ಟಿದ ಮಗುವನ್ನು ಸುತ್ತಲೂ ಕಂಗಾ, ಬೆನ್ನಿಗೆ ಕಟ್ಟಿಕೊಳ್ಳಲೂ ಕಂಗಾ. ಮದುವೆಗೆ ಕೆಂಪು, ಕಪ್ಪು, ಬಿಳಿಯ ಕಿಸುಟು ಎಂಬ ಕಂಗಾ. ಒಗೆದು ಒಗೆದು ಹಳೆಯದಾದರೆ ನೆಲ ಒರೆಸಲಿಕ್ಕೂ ಅದೇ.

ಸೀರೆ ಗೊತ್ತಿದ್ದವರಿಗೆ ಇದರ ರಚನೆ ಬೇಗ ಅರ್ಥವಾಗುತ್ತದೆ. ನಾಲ್ಕೂ ಕಡೆ ದಪ್ಪ ಅಂಚು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅದು ಪಿಂಡೊ. ನಡುವಿನ ಒಡಲು ಮ್ಜಿ. ಆ ಪದಕ್ಕೆ ಊರು ಅಂತಲೂ ಅರ್ಥವಿದೆ. ನಾವು ಮಾವಿನಕಾಯಿ ಅನ್ನುವ ಚಿತ್ತಾರ ಅಲ್ಲೂ ಇದೆ, ಆದರೆ ಅವರು ಅದನ್ನು ಕೊರೋಶೊ, ಅಂದರೆ ಗೋಡಂಬಿ ಅನ್ನುತ್ತಾರೆ. ಸೀರೆಯಲ್ಲಿ ಇಲ್ಲದ ಭಾಗ ಒಂದಿದೆ. ಒಡಲಿನ ಕೆಳಗೆ, ಅಂಚಿನ ಹತ್ತಿರ, ಒಂದು ಸಾಲು ಬರಹ. ಅದಕ್ಕೆ ಜೀನಾ ಅಂತಾರೆ, ಅಂದರೆ ‘ಹೆಸರು’. ಗಾದೆ, ಹಾರೈಕೆ, ಪ್ರೀತಿ, ಕೊಂಕು, ಏನು ಬೇಕಾದರೂ ಇರಬಹುದು. ಕಿಟೆಂಗೆ ಅನ್ನುವ ಇನ್ನೊಂದು ಬಟ್ಟೆಯಲ್ಲಿ ಈ ಸುತ್ತಂಚೂ ಇಲ್ಲ, ಬರಹವೂ ಇಲ್ಲ. ಎರಡನ್ನೂ ಕಲೆಸಬೇಡಿ.

ಹುಟ್ಟಿನ ಕಥೆ 19ನೇ ಶತಮಾನದ್ದು. ಪೋರ್ಚುಗೀಸರು ತಂದ ಅಚ್ಚಿನ ಕರ್ಚೀಫುಗಳನ್ನು ಪೂರ್ವ ಆಫ್ರಿಕಾದ ಕರಾವಳಿಯ ಹೆಂಗಸರು ಕೊಂಡು, ಆರಾರು ಸೇರಿಸಿ ಹೊಲಿದು ಉಟ್ಟರಂತೆ. ಅದಕ್ಕೇ ಕೀನ್ಯಾದಲ್ಲಿ ಇವತ್ತಿಗೂ ಲೆಸೊ ಅನ್ನುವ ಹೆಸರು ಉಳಿದಿದೆ. ಪೋರ್ಚುಗೀಸಿನಲ್ಲಿ ಕರ್ಚೀಫಿಗೆ ಲೆನ್ಸೊ ಅನ್ನುತ್ತಾರೆ. ‘ಕಂಗಾ’ ಎಂದರೆ ಸ್ವಾಹಿಲಿಯಲ್ಲಿ ಗಿನಿ ಕೋಳಿ. ಮೊದಮೊದಲ ಬಟ್ಟೆಗಳ ಚುಕ್ಕಿಗಳು ಆ ಕೋಳಿಯ ಗರಿಯ ಹಾಗೆ ಕಂಡವು ಅಂತ ಹೇಳುತ್ತಾರೆ.

ಈಗ ಹೇಳುವುದನ್ನು ನಿಧಾನವಾಗಿ ಓದಿ. ಈಗ ಟಾಂಜಾನಿಯಾಕ್ಕೆ ಸೇರಿದ ಜಂಜಿಬಾರ್ ದ್ವೀಪದಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದ ರದ್ದು ಮಾಡಿದ್ದು 1897ರಲ್ಲಿ. ಅದಕ್ಕೂ ಮುಂಚೆ ಗುಲಾಮ ಹೆಂಗಸರ ಮೈಮೇಲೆ ಇದ್ದದ್ದು ಮೆರಿಕಾನಿ ಎಂಬ ಅಮೆರಿಕದ ಒರಟು ಬಿಳಿ ಬಟ್ಟೆ, ಇಲ್ಲವೇ ನೀಲಿಯಲ್ಲಿ ಅದ್ದಿದ, ಕಪ್ಪಗೆ ಕಾಣುವ ಕನಿಕಿ. ಬಿಡುಗಡೆಯಾದವರು ಅದನ್ನು ತೆಗೆದುಹಾಕಿ ಬಣ್ಣದ ಕಂಗಾ ಉಟ್ಟರು. ನಾನು ಇನ್ನು ಯಾರ ಸ್ವತ್ತೂ ಅಲ್ಲ ಅಂತ ಬೀದಿಯಲ್ಲಿ ನಡೆದು ತೋರಿಸಿದ ಹಾಗೆ. ಇದನ್ನು ಬರೀ ‘ಫ್ಯಾಷನ್ ಬದಲಾವಣೆ’ ಅಂತ ಬರೆದು ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಬರಹ ಸೇರಿದ್ದು ಆಮೇಲೆ. ಮೊದಲು ಅರಬಿ ಲಿಪಿಯಲ್ಲಿ ಇತ್ತು, ನಂತರ ರೋಮನ್ ಲಿಪಿ ಬಂತು. ಇದನ್ನು ಶುರುಮಾಡಿದ್ದು ಕೀನ್ಯಾದ ಬಂದರು ಊರು ಮೊಂಬಾಸಾದ ಕಾದರ್‌ದಿನಾ ಹಾಜಿ ಇಸಾಕ್ ಎಂಬ ವ್ಯಾಪಾರಿ ಎಂದು ಹೇಳುವುದುಂಟು. ಅವರ ಕಂಗಾಗಳ ಮೇಲೆ ‘ಮಾಲಿ ಯಾ ಅಬ್ದುಲ್ಲಾ’, ಅಂದರೆ ‘ಅಬ್ದುಲ್ಲಾನ ಮಾಲು’ ಎಂಬ ಗುರುತು ಇರುತ್ತದೆ. ಅಚ್ಚಾಗುವ ಜಾಗ ಬದಲಾಗುತ್ತಲೇ ಬಂತು: ಯುರೋಪ್, ಜಪಾನ್, 1968ರಲ್ಲಿ ಚೀನಾದ ನೆರವಿನಿಂದ ಶುರುವಾದ, ಟಾಂಜಾನಿಯಾದ ದಾರ್ ಎಸ್ ಸಲಾಮ್‌ನ ಉರಾಫಿಕಿ ಗಿರಣಿ. ಈಗ ಭಾರತದಲ್ಲೂ ಬಹಳಷ್ಟು ಅಚ್ಚಾಗುತ್ತವೆ.

ಇನ್ನು ಓದುವ ವಿಷಯ. ಒಂದು ಪ್ರಸಿದ್ಧ ಸಾಲು ನೋಡಿ:

‘ನಾಓಗೋಪಾ ಸಿಂಬಾ ನಾ ಮೇನೊ ಯಾಕೆ, ಸಿಓಗೋಪಿ ಮ್ಟು ಕ್ವಾ ಮನೇನೊ ಯಾಕೆ.’

ಸಿಂಹ, ಅದರ ಹಲ್ಲು ಅಂದರೆ ನನಗೆ ಭಯ; ಮನುಷ್ಯ ಆಡುವ ಮಾತಿಗೆ ನಾನು ಹೆದರುವವಳಲ್ಲ. ಮೇನೊ ಅಂದರೆ ಹಲ್ಲು, ಮನೇನೊ ಅಂದರೆ ಮಾತು. ಪ್ರಾಸದಲ್ಲೇ ಏಟು ಇದೆ. (ಈ ‘ಯಾಕೆ’ ನಮ್ಮ ಯಾಕೆ ಅಲ್ಲ, ‘ಅದರ, ಅವನ’ ಅಂತ ಅರ್ಥ.) ಇನ್ನೊಂದು: ‘ಜಾಪೊ ಸಿಪಾಟಿ, ಟಮಾ ಸಿಕಾಟಿ’. ಸಿಗದೇ ಹೋದರೂ ಆಸೆ ಬಿಡಲ್ಲ. ಸ್ವಾಹಿಲಿಯಲ್ಲಿ ನಿರಾಶೆಯಾಗುವುದಕ್ಕೆ ‘ಆಸೆ ಕತ್ತರಿಸುವುದು’ ಅಂತಾರೆ. ಎಷ್ಟು ಚೆನ್ನಾಗಿದೆ ಅಲ್ವಾ?

ನಾನು ಶುರುವಿನಲ್ಲಿ ಇಂಥ ಸಾಲುಗಳ ಅರ್ಥ ಬರೆದುಕೊಂಡು ಮುಂದೆ ಹೋಗುತ್ತಿದ್ದೆ. ಅದು ಅರ್ಧ ಓದು. ಕಂಗಾದ ಮಾತು ಯಾರು ಉಟ್ಟರು, ಯಾರ ಮುಂದೆ ಉಟ್ಟರು, ಯಾರು ಕೊಟ್ಟರು ಅನ್ನುವುದರ ಮೇಲೆ ನಿಂತಿದೆ. ‘ನಾನಿ ಕಾಮಾ ಮಾಮಾ’, ಅಂದರೆ ‘ಅಮ್ಮನಂಥವರು ಯಾರು’ ಎಂಬ ಸಾಲು ತೀರಾ ಸಾಮಾನ್ಯ. ಮಗ ಅದನ್ನು ಅಮ್ಮನಿಗೆ ತಂದುಕೊಟ್ಟರೆ ಪ್ರೀತಿ. ಅದನ್ನೇ ಸೊಸೆಯೊಬ್ಬಳು ಅತ್ತೆಯ ಜೊತೆ ಮನಸ್ತಾಪ ಆದ ಮರುದಿನ ಉಟ್ಟು ಅಂಗಳಕ್ಕೆ ಬಂದಳು ಅಂತ ಇಟ್ಟುಕೊಳ್ಳಿ. ಅವಳು ನೆನೆಯುತ್ತಿರುವುದು ತವರಿನ ಅಮ್ಮನನ್ನು. ಅತ್ತೆಗೆ ತಟ್ಟುತ್ತದೆ. ಆದರೆ ಕೇಳುವ ಹಾಗಿಲ್ಲ. ಕೇಳಿದರೆ, ‘ಅಯ್ಯೋ, ಬಣ್ಣ ಇಷ್ಟವಾಯ್ತು, ಸುಮ್ನೆ ಉಟ್ಟೆ’ ಅಂದುಬಿಡಬಹುದು. ಮಾತು ಅವಳದ್ದಲ್ಲ, ಬಟ್ಟೆಯದ್ದು. ಬಾಯಿಬಿಟ್ಟು ಹೇಳಿದರೆ ಜಗಳವಾಗುವುದನ್ನು ಬಾಯಿ ತೆರೆಯದೆ ಹೇಳುವ ದಾರಿ ಇದು. ಕಂಗಾದ ಜೀವ ಇರುವುದೇ ಇಲ್ಲಿ ಅಂತ ನನಗೆ ಅನಿಸುತ್ತದೆ.

ಇಂಥ ಒಳಮಾತಿಗೆ ಸ್ವಾಹಿಲಿಯಲ್ಲಿ ಫುಂಬೊ ಅಂತಾರೆ, ಬಹುವಚನದಲ್ಲಿ ಮಾಫುಂಬೊ. ಕರಾವಳಿಯ ತಾರಬ್ ಸಂಗೀತದಲ್ಲೂ ಇದೇ ಜಾಣತನ. ಕೇಳುತ್ತಾ ಕೂತವಳು ತನಗೆ ಬೇಕಾದ ಸಾಲು ಬಂದಾಗ ಎದ್ದು ಹೋಗಿ ಗಾಯಕಿಗೆ ದುಡ್ಡು ಕೊಡುತ್ತಾಳೆ. ಯಾರಿಗೆ ತಾಗಬೇಕೋ ಅವರಿಗೆ ತಾಗುತ್ತದೆ. ಗುಲಾಮ ತಂದೆತಾಯಿಯ ಮಗಳಾಗಿ ಹುಟ್ಟಿ ತಾರಬ್‌ನ ದೊಡ್ಡ ಹೆಸರಾದ ಸಿಟಿ ಬಿಂಟಿ ಸಾದ್ ಮೊದಲು ರೆಕಾರ್ಡ್ ಮಾಡಿದ್ದು 1928ರಲ್ಲಿ, ನಮ್ಮ ಬೊಂಬಾಯಿಯಲ್ಲಿ.

ರಾಜಕೀಯವೂ ಕಂಗಾ ಏರಿದೆ. ಚುನಾವಣೆಯಲ್ಲಿ ಪಕ್ಷಗಳು ತಮ್ಮ ಬಣ್ಣದ ಕಂಗಾ ಹಂಚುತ್ತವೆ. 2008ರಲ್ಲಿ ಬರಾಕ್ ಒಬಾಮಾ ಗೆದ್ದಾಗ ಅವರ ಚಿತ್ರದ ಜೊತೆ ‘ಹೊಂಗೇರಾ’, ಅಂದರೆ ಅಭಿನಂದನೆ, ಅಂತ ಬರೆದ ಕಂಗಾ ಬಂತು.

ಕಲಾಶಾಲೆಯ ಕಡೆಯಿಂದ ನೋಡುವವರು ಲುಬೈನಾ ಹಿಮಿಡ್ ಅವರ ಕೆಲಸ ಹುಡುಕಿ ನೋಡಿ. 1954ರಲ್ಲಿ ಜಂಜಿಬಾರ್‌ನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದವರು. 2017ರಲ್ಲಿ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿಯಾದ ಟರ್ನರ್ ಪಡೆದರು. ಅವರು ಕಂಗಾದ ವಿನ್ಯಾಸವನ್ನೇ ಚಿತ್ರವಾಗಿಸಿ, ಅದರಲ್ಲಿ ಸಾಲುಗಳನ್ನು ಬರೆಯುತ್ತಾರೆ. ಅಲ್ಲಿ ಅಂಚಿದೆ, ಒಡಲಿದೆ, ಮಾತಿದೆ, ಉಟ್ಟವಳು ಮಾತ್ರ ಇಲ್ಲ. ಹಾಗಾಗಿ ಆ ಮಾತು ಯಾರಿಗೆ ಹೇಳಿದ್ದು ಅಂತ ಯೋಚಿಸುತ್ತಾ ಗೋಡೆಯ ಮುಂದೆ ನಿಂತವರಿಗೆ, ಅದು ತಮಗೇ ಬಂದು ತಾಗುತ್ತದೆ.