ಹೊಸ ಪಿಸ್ತೂಲನ್ನು ಎಷ್ಟು ಗುಂಡಿನ ಮೇಲೆ ನಂಬಬಹುದು?

ದಸರಾ ಮುಗಿದ ವಾರ ಮೈಸೂರು ರಸ್ತೆಯ ಟ್ರಾಫಿಕ್ ದಾಟಿಕೊಂಡು ಅಪ್ಪ, ಮಗಳು ನಮ್ಮ ಶೂಟಿಂಗ್ ರೇಂಜಿಗೆ ಬಂದರು. ಮಗಳಿಗೆ 22. ನಾಲ್ಕು ವರ್ಷ ಏರ್ ಪಿಸ್ತೂಲಿನಲ್ಲಿ ಪಳಗಿದ ಕೈ, ಈಗ 25 ಮೀಟರ್ ಪಿಸ್ತೂಲು ಸ್ಪರ್ಧೆಗೆ ಬಂದಿದ್ದಾಳೆ. ಲೈಸೆನ್ಸು, ಆಮದು ಪರವಾನಗಿ ಎಂದು ವರ್ಷಗಟ್ಟಲೆ ಓಡಾಡಿ ತರಿಸಿಕೊಂಡ .22 ಪಿಸ್ತೂಲು ಬೀಗ ಹಾಕಿದ ಪೆಟ್ಟಿಗೆಯಲ್ಲಿತ್ತು.

"ಸಾರ್, ಹೊಸಾ ಪೀಸು. ಐವತ್ತು ರೌಂಡಿಗೆ ಮೂರು ಸಲ ಜಾಮ್ ಆಗೋಯ್ತು. ಡಿಫೆಕ್ಟ್ ಇರಬೇಕು, ವಾಪಸ್ ಕಳಿಸಿಬಿಡೋಣ ಅಂತಿದೀನಿ" ಅಂದರು ಅಪ್ಪ. ಹುಡುಗಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಸೇನೆಯಲ್ಲಿ ಆರ್ಮರರ್, ಅಂದರೆ ಆಯುಧ ನೋಡಿಕೊಳ್ಳುವ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಮೇಲೆ ನಾನು ಮಾಡುತ್ತಿರುವುದು ಇದೇ ಕೆಲಸ: ಶೂಟರ್‌ಗಳ ಬಂದೂಕು, ಪಿಸ್ತೂಲುಗಳನ್ನು ಸ್ಪರ್ಧೆಗೆ ಮೊದಲು ಪರೀಕ್ಷಿಸಿ ಕೊಡುವುದು. ಪೆಟ್ಟಿಗೆ ತೆರೆದು, ತೋಟಾ (ಗುಂಡು, ಮದ್ದು ಸೇರಿದ ಕಾರ್ಟ್ರಿಜ್) ತುಂಬುವ ಮ್ಯಾಗಜೀನ್ ತೆಗೆದು, ನಳಿಕೆಯ ಹಿಂದೆ ತೋಟಾ ಕೂರುವ ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿಕೊಂಡೆ. ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡಾಡುವ ಬೋಲ್ಟ್ ಜಾರುವ ಹಳಿಯಂಥ ಗೀರಿನಲ್ಲಿ ಎಣ್ಣೆಗೆ ಅಂಟಿಕೊಂಡು ಕೆಂಪಗೆ ಏನೋ ಕೂತಿತ್ತು. ಆಯುಧಪೂಜೆಯ ಕುಂಕುಮ. ಪೂಜೆ ಬೇಡ ಎನ್ನುವವನಲ್ಲ ನಾನು. ಇಪ್ಪತ್ತು ವರ್ಷ ಆಯುಧಾಗಾರದಲ್ಲಿ ನಾನೂ ಪೂಜೆ ಮಾಡಿದವನೇ. ಆದರೆ ಕುಂಕುಮ, ಅರಿಶಿನವನ್ನು ಪೆಟ್ಟಿಗೆಗೆ ಹಚ್ಚಿ. ಹೊಸ ಪಿಸ್ತೂಲಿನ ಭಾಗಗಳ ನಡುವೆ ಕೂದಲೆಳೆಯಷ್ಟೂ ಜಾಗ ಇರುವುದಿಲ್ಲ. ಅಲ್ಲಿ ಎಣ್ಣೆಯೂ ಪುಡಿಯೂ ಸೇರಿದರೆ ಅರೆಯುವ ಪೇಸ್ಟ್ ಆಗುತ್ತದೆ.

ಕುಂಕುಮ ಒರೆಸಿ ತೆಗೆದೆ. ಅದೇ ಕಾರಣ ಎಂದು ಮಾತ್ರ ಹೇಳಲಿಲ್ಲ. ಕಣ್ಣಿಗೆ ಮೊದಲು ಬಿದ್ದ ತಪ್ಪಿನ ತಲೆಗೆ ಎಲ್ಲವನ್ನೂ ಕಟ್ಟುವುದು ಈ ಕೆಲಸದಲ್ಲಿ ದೊಡ್ಡ ಅಪಾಯ.

ಈ .22 ಬಗ್ಗೆ ಮೊದಲು ಸ್ವಲ್ಪ ಹೇಳಬೇಕು. ಇದರ ತೋಟಾದ ಪೂರ್ತಿ ಹೆಸರು .22 ಲಾಂಗ್ ರೈಫಲ್. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ತಂದದ್ದು. ಹೆಸರಲ್ಲೇ ರೈಫಲ್ ಇದೆ. ಆದರೂ ಒಲಿಂಪಿಕ್ಸ್‌ನ 25 ಮೀಟರ್ ಪಿಸ್ತೂಲು ಸ್ಪರ್ಧೆಗಳು ನಡೆಯುವುದು ಇದೇ ತೋಟಾದಲ್ಲಿ. ಯೂಟ್ಯೂಬಿನಲ್ಲಿ 5.56ರಂಥ ಸೇನಾ ರೈಫಲ್ ತೋಟಾ ಹಾಕುವ ಗಿಡ್ಡ ಪಿಸ್ತೂಲುಗಳನ್ನು ನೋಡಿ ಬಂದ ಹುಡುಗರು "ಸಾರ್, ಇಲ್ಲಿ ಅದು ಸಿಗುತ್ತಾ?" ಅಂತ ಕೇಳುತ್ತಾರೆ. ಸಿಗುವುದಿಲ್ಲ. .303, 7.62, 9 ಎಂಎಂನಂಥ ಸೇನೆ, ಪೊಲೀಸರ ಬೋರುಗಳು (ನಳಿಕೆಯ ಅಳತೆಗಳು) ನಮ್ಮ ಕಾನೂನಿನಲ್ಲಿ ನಿಷೇಧಿತ ಬೋರ್. ಹಾಗಾಗಿ ಬೆಂಗಳೂರಿನ ಶೂಟರ್‌ಗೆ ರೈಫಲ್ ಹೆಸರಿನ ತೋಟಾದ ಪಿಸ್ತೂಲು ಅಂದರೆ .22 ಒಂದೇ.

ತೋಟಾ ಪೆಟ್ಟಿಗೆಯ ಮೇಲೆ ಬರೆದಿರುವ ವೇಗ ಸಾಮಾನ್ಯವಾಗಿ ಉದ್ದ ನಳಿಕೆಯಲ್ಲಿ ಅಳೆದದ್ದು. 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ಗುಂಡು, ಸೆಕೆಂಡಿಗೆ 330 ಮೀಟರ್ ಆಸುಪಾಸು. ಲೆಕ್ಕ ಹಾಕಿದರೆ ಶಕ್ತಿ ಸುಮಾರು 140 ಜೂಲ್. 9 ಎಂಎಂನಲ್ಲಿ ಇದರ ಮೂರು ಪಟ್ಟಿಗಿಂತ ಹೆಚ್ಚಿರುತ್ತದೆ. ಸ್ಪರ್ಧೆಯ ಪಿಸ್ತೂಲಿನ ನಳಿಕೆ 153 ಮಿಲಿಮೀಟರ್ ಮೀರುವಂತಿಲ್ಲ. ಇಷ್ಟು ಗಿಡ್ಡ ನಳಿಕೆಯಲ್ಲಿ ವೇಗ ಇನ್ನೂ ಇಳಿಯುತ್ತದೆ. ಮೊದಲೇ ಸಣ್ಣದಾದ ಈ ಶಕ್ತಿಯಲ್ಲಿ ಹಿಮ್ಮುಖವಾಗಿ ಬರುವ ಪಾಲೇ ಬೋಲ್ಟನ್ನು ಹಿಂದಕ್ಕೆ ತಳ್ಳಬೇಕು, ಗುಂಡು ಹೋದ ಮೇಲೆ ಉಳಿದ ತೋಟಾದ ಖಾಲಿ ಕೇಸನ್ನು ಎಳೆದು ಹೊರಗೆ ಎಸೆಯಬೇಕು, ಕುದುರೆ (ಹ್ಯಾಮರ್) ಎತ್ತಬೇಕು, ಸ್ಪ್ರಿಂಗನ್ನು ಅದುಮಬೇಕು. ವಾಪಸ್ ಬರುವಾಗ ಆ ಸ್ಪ್ರಿಂಗು ಮುಂದಿನ ತೋಟಾವನ್ನು ಚೇಂಬರಿಗೆ ದೂಡಬೇಕು. ಬಡವರ ಮನೆಯ ಸಂಬಳದ ಹಾಗೆ: ಯಾವ ಖರ್ಚು ಸ್ವಲ್ಪ ಹೆಚ್ಚಾದರೂ ತಿಂಗಳ ಕೊನೆ ಮುಟ್ಟುವುದಿಲ್ಲ. ಗಟ್ಟಿಯಾದ ಹೊಸ ಸ್ಪ್ರಿಂಗು, ಜಾಸ್ತಿ ಎಣ್ಣೆ, ದುರ್ಬಲ ತೋಟಾ, ಸಡಿಲ ಮಣಿಕಟ್ಟು, ಇವುಗಳಲ್ಲಿ ಎರಡು ಕೂಡಿದರೆ ಸಾಕು, ಪಿಸ್ತೂಲು ಅರ್ಧದಲ್ಲಿ ನಿಲ್ಲುತ್ತದೆ.

ಆದ್ದರಿಂದ "ಪಿಸ್ತೂಲು ಕೆಟ್ಟಿದೆ" ಎನ್ನುವ ಮೊದಲು ಪಿಸ್ತೂಲು, ಮ್ಯಾಗಜೀನು, ತೋಟಾ, ಕೈ, ನಾಲ್ಕನ್ನೂ ಬೇರೆ ಬೇರೆ ಮಾಡಿ ನೋಡಬೇಕು. ಇದನ್ನು ನಾನು ಕಲಿತದ್ದು ಒಬ್ಬ ಹುಡುಗನಿಗೆ ನಷ್ಟ ಮಾಡಿ. ಬಹಳ ಹಿಂದೆ ಅವನು ತಂದ ಪಿಸ್ತೂಲು ಮೊದಲ ಸಲ ನಿಂತಾಗಲೇ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಸ್ಪ್ರಿಂಗನ್ನೂ ಬದಲಿಸಿ ಕೊಟ್ಟೆ. ಅವತ್ತು ಚೆನ್ನಾಗಿ ಓಡಿತು. ಯಾವುದರಿಂದ ಸರಿಹೋಯಿತು ಎಂಬುದು ನನಗೂ ಗೊತ್ತಿರಲಿಲ್ಲ. ಎರಡು ವಾರದ ನಂತರ ಸ್ಪರ್ಧೆಯ ನಡುವೆ ಮತ್ತೆ ಅದೇ ತೊಂದರೆ. ಅವನ ಒಂದು ವರ್ಷದ ಶ್ರಮ ಹೋಯಿತು. ದೋಷವನ್ನು ಹುಡುಕುವ ಬದಲು ನಾನು ಅದರ ಸಾಕ್ಷಿಯನ್ನು ಒರೆಸಿ ಹಾಕಿದ್ದೆ. ಈ ನೋವು ಇನ್ನೂ ಇದೆ. ಅದಕ್ಕೇ ಈಗ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇನೆ, ಪ್ರತಿ ಗುಂಡನ್ನೂ ಬರೆದಿಡುತ್ತೇನೆ.

ಹುಡುಗಿಯ ಕೈಗೆ ಇನ್ನೂರು ಪುಟದ ನೋಟ್‌ಬುಕ್ ಕೊಟ್ಟೆ. ಮೂರು ಮ್ಯಾಗಜೀನುಗಳ ತಳಕ್ಕೆ ಬಿಳಿ ಪೇಂಟಿನಲ್ಲಿ 1, 2, 3 ಎಂದು ಬರೆದೆವು. ಒಂದೊಂದರಲ್ಲಿ ಐದು ತೋಟಾ. ಒಂದೇ ಲಾಟ್ ನಂಬರಿನ, ಅವಳು ಸ್ಪರ್ಧೆಯಲ್ಲಿ ಬಳಸಲಿರುವ ತೋಟಾಗಳೇ. ಸರದಿಯ ಪ್ರಕಾರ ಮ್ಯಾಗಜೀನಿಗೆ 70ರಂತೆ ಒಟ್ಟು 210. ಏನಾದರೂ ನಿಂತರೆ ಕೈ ಹಾಕುವಂತಿಲ್ಲ: ನಳಿಕೆ ಟಾರ್ಗೆಟ್ ಕಡೆಗೇ, ಬೆರಳು ಟ್ರಿಗರ್‌ನಿಂದ ಹೊರಗೆ, ನಾನು ಬಂದು ನೋಡುವವರೆಗೆ ಹಾಗೇ. ಅಪ್ಪನಿಗೆ ಇದು ವಿಪರೀತ ನಿಧಾನ ಅನಿಸಿತು. "ಮೂರು ಗಂಟೆ ಬೇಕಾಗುತ್ತಾ ಸಾರ್?" ಅಂದರು. ಬೇಕಾಯಿತು, ನಾಲ್ಕು ಗಂಟೆಯೇ ಹಿಡಿಯಿತು.

ಏಳು ಸಲ ನಿಂತಿತು. ಸ್ಕೋರಿನ ಕಣ್ಣಲ್ಲಿ ಎಲ್ಲವೂ ಒಂದೇ "ಜಾಮ್". ಕೇಸುಗಳನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟಾಗ ಮೂರು ಬೇರೆ ಕಥೆಗಳು ಕಂಡವು.

ಒಂದು ತೋಟಾ ಸಿಡಿಯಲೇ ಇಲ್ಲ. ಮೂವತ್ತು ಸೆಕೆಂಡು ಹಾಗೇ ಹಿಡಿದು ಕಾಯಿಸಿದೆ, ಏಕೆಂದರೆ ಕೆಲವೊಮ್ಮೆ ತಡವಾಗಿ ಸಿಡಿಯುವುದುಂಟು. ಆಮೇಲೆ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. .22ರಲ್ಲಿ ನಡುವೆ ಕೇಪು ಇರುವುದಿಲ್ಲ. ತಳದ ಅಂಚಿನ ಮಡಿಕೆಯೊಳಗೆ ಸಿಡಿಮದ್ದನ್ನು ಸುತ್ತಲೂ ಹರಡಿರುತ್ತಾರೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜುತ್ತದೆ. ಈ ಕೇಸಿನ ಮೇಲಿನ ಗುರುತು ಉಳಿದ ಕೇಸುಗಳಷ್ಟೇ ಆಳವಾಗಿತ್ತು. ಅಂದರೆ ಪಿನ್ನಿನ ಪೆಟ್ಟು ಸರಿಯಿದೆ, ಅಂಚಿನ ಆ ಜಾಗದಲ್ಲಿ ಮದ್ದು ಇರಲಿಲ್ಲ. ಗುರುತು ತೆಳ್ಳಗಿದ್ದಿದ್ದರೆ ನಾನು ಪಿಸ್ತೂಲಿನ ಮೇಲೆ ಅನುಮಾನ ಪಡುತ್ತಿದ್ದೆ. ಹಾಗೆಯೇ, ಕಂಪನಿ ಅನುಮತಿ ಕೊಟ್ಟಿರದಿದ್ದರೆ ಖಾಲಿ .22 ಪಿಸ್ತೂಲನ್ನು ಮನೆಯಲ್ಲಿ ಟಿಕ್ ಟಿಕ್ ಎಂದು ಹೊಡೆಯಬೇಡಿ. ಪಿನ್ ಹೋಗಿ ಚೇಂಬರಿನ ಅಂಚನ್ನೇ ಜಜ್ಜಬಹುದು.

ಇನ್ನೊಂದು ಸಲ ಖಾಲಿ ಕೇಸು ಹೊರಗೆ ಹಾರದೆ ಚಿಮಣಿಯ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಅದು 193ನೇ ಗುಂಡು. ನೋಟ್‌ಬುಕ್ಕಿನಲ್ಲಿ ಅದರ ಹಿಂದಿನ ಹತ್ತು ಗುಂಡುಗಳ ಮುಂದೆ ಅವಳೇ "ಕೈ ಸೋತಿದೆ" ಎಂದು ಬರೆದಿದ್ದಳು. ಮಣಿಕಟ್ಟು ಬಾಗಿದರೆ ಬೋಲ್ಟಿಗೆ ಸಿಗಬೇಕಾದ ಶಕ್ತಿ ಕೈಯ ಅಲುಗಾಟಕ್ಕೆ ಹೋಗುತ್ತದೆ. ವಿಶ್ರಾಂತಿ ತೆಗೆದುಕೊಂಡ ಮೇಲೆ ಅದು ಮತ್ತೆ ಬರಲಿಲ್ಲ.

ಉಳಿದ ಐದೂ ಒಂದೇ ಜಾತಿ. ತೋಟಾ ಚೇಂಬರಿಗೆ ಹೋಗದೆ ಮೂಗು ತಗ್ಗಿಸಿ ಕೆಳಗಿನ ಇಳಿಜಾರಿಗೆ ತಾಗಿ ನಿಂತಿದೆ. ಗುಂಡಿನ ಸೀಸದ ಮೂಗಿನ ಮೇಲೆ ಉಗುರಿನಿಂದ ಗೀರಿದಂಥ ಅರ್ಧಚಂದ್ರ. ಅದರ ತುದಿಯಲ್ಲಿ ಎದ್ದ ಸಣ್ಣ ಸೀಸದ ಸಿಪ್ಪೆ ಬೆಳಕಿಗೆ ಹಿಡಿದರೆ ಹೊಳೆಯುತ್ತಿತ್ತು. ನೋಟ್‌ಬುಕ್ ತಿರುವಿದೆವು. ಐದಕ್ಕೆ ಐದೂ ಮ್ಯಾಗಜೀನ್ ನಂಬರ್ 2. ಹುಡುಗಿ ಆ ಸಾಲುಗಳ ಮೇಲೆ ಬೆರಳಿಟ್ಟು ಅಪ್ಪನ ಮುಖ ನೋಡಿದಳು.

ಮೂರು ಮ್ಯಾಗಜೀನುಗಳನ್ನೂ ಪಕ್ಕಪಕ್ಕ ಇಟ್ಟು ತೋಟಾವನ್ನು ಹಿಡಿದಿಡುವ ಮೇಲಿನ ತುಟಿ ನೋಡಿದೆ. ಎರಡನೆಯದರ ಎಡ ತುಟಿ ಒಂದಿಷ್ಟು ಹೊರಕ್ಕೆ ಹಿಗ್ಗಿತ್ತು. ತೋಟಾದ ತಳ ಎದ್ದು ಮೂಗು ತಗ್ಗುತ್ತಿತ್ತು. ಇಕ್ಕಳ ಹಿಡಿದು ಬಗ್ಗಿಸಿಬಿಡೋಣ ಎಂದರು ಅಪ್ಪ. ಬೇಡವೆಂದೆ. ಒಂದು ಸಲ ಬಗ್ಗಿಸಿದ ತುಟಿ ಎಷ್ಟು ದಿನ ಹಾಗಿರುತ್ತದೆಂದು ಯಾರೂ ಹೇಳಲಾರರು, ಜೊತೆಗೆ ವಾರಂಟಿಯೂ ಹೋಗುತ್ತದೆ. ಖಚಿತಪಡಿಸಿಕೊಳ್ಳಲು 2ನೆಯದರಲ್ಲೇ ಇನ್ನೂ 25 ಹೊಡೆಸಿದೆ: ಮೂರು ಸಲ ನಿಂತಿತು. 1 ಮತ್ತು 3ರಲ್ಲಿ 50: ಒಂದೂ ಇಲ್ಲ. ಲಕ್ಷಗಟ್ಟಲೆ ಬೆಲೆಯ ಪಿಸ್ತೂಲನ್ನು ವಾಪಸ್ ಕಳಿಸುವುದು ತಪ್ಪಿತು. ವಾಪಸ್ ಹೋದದ್ದು ಒಂದು ಮ್ಯಾಗಜೀನು. ಮ್ಯಾಗಜೀನು ಮಾಡಿದ ತಪ್ಪಿಗೆ ಪಿಸ್ತೂಲನ್ನು ದೂರುವುದನ್ನು ನಾನು ಬಹಳ ನೋಡಿದ್ದೇನೆ. ತೋಟಾ ತುಂಬುವಾಗಲೂ ಎಚ್ಚರ ಬೇಕು: .22ರ ತಳದಂಚು ಹೊರಕ್ಕೆ ಚಾಚಿರುವುದರಿಂದ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಮುಂದಕ್ಕೆ ಜಾರುವುದೇ ಇಲ್ಲ. ಪ್ರತಿಯೊಂದನ್ನೂ ಹಿಂದಿನದಕ್ಕಿಂತ ತುಸು ಮುಂದಿಟ್ಟು ತುಂಬಿ.

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳಲೇಬೇಕು. ಸದ್ದು "ಟಪ್" ಎನ್ನುವ ಬದಲು "ಪುಸ್" ಎಂದರೆ, ಅದು ಯಾವ ಪರೀಕ್ಷೆಯೇ ಆಗಲಿ, ಯಾವ ಫೈನಲ್ಲೇ ಆಗಲಿ, ಅಲ್ಲಿಗೇ ಬಿಡಿ. ಗುಂಡು ನಳಿಕೆಯೊಳಗೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಕೆ ಉಬ್ಬುತ್ತದೆ, ಒಡೆಯಲೂಬಹುದು. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಮಾಡಿ, ರೇಂಜ್ ಆಫೀಸರ್ ಎದುರು ನಳಿಕೆಯಲ್ಲಿ ಕಡ್ಡಿ ಹಾಯಿಸಿ ನೋಡದೆ ಮುಂದಿನ ಗುಂಡು ಇಲ್ಲ. ಇದೊಂದರಲ್ಲಿ ನಾನು ಯಾರಿಗೂ ಸಡಿಲ ಕೊಡುವುದಿಲ್ಲ.

ಬದಲಿ ಮ್ಯಾಗಜೀನ್ ಬಂದ ಮೇಲೆ ಎರಡು ಭಾನುವಾರ ಸೇರಿ 300 ಗುಂಡು ಹೊಡೆಸಿದೆ. ಒಂದೂ ನಿಲ್ಲಲಿಲ್ಲ. ಅಪ್ಪನಿಗೆ ಖುಷಿ. "ಹಂಗಾದ್ರೆ ಗ್ಯಾರಂಟಿ ಅಲ್ವಾ ಸಾರ್?" ಎಂದಾಗ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಎಂದಿದೆ. ಎಷ್ಟು ಸಲ ತಪ್ಪದೆ ನಡೆಯಿತೋ ಆ ಸಂಖ್ಯೆಯಿಂದ ಮೂರನ್ನು ಭಾಗಿಸಿ. ನಿಜವಾದ ದೋಷದ ಪ್ರಮಾಣ ಅದಕ್ಕಿಂತ ಹೆಚ್ಚಿರಲಾರದು ಎಂದು ಶೇ 95ರ ಭರವಸೆಯಲ್ಲಿ ಹೇಳಬಹುದು. 300ಕ್ಕೆ ಬರುವುದು ನೂರಕ್ಕೆ ಒಂದು. ಸಣ್ಣದೆನಿಸುತ್ತದೆ. ಆದರೆ ಸ್ಪರ್ಧೆಯಲ್ಲಿ 60 ಗುಂಡು. ನೂರಕ್ಕೆ ಒಂದರ ದೋಷವಿದ್ದರೆ ಆ 60ರಲ್ಲಿ ಒಮ್ಮೆಯಾದರೂ ನಿಲ್ಲುವ ಸಾಧ್ಯತೆ ಶೇ 45. ಸಾವಿರ ಗುಂಡು ತಪ್ಪದೆ ಓಡಿದ ಪಿಸ್ತೂಲಿನಲ್ಲೂ ಇದೇ ಲೆಕ್ಕದಂತೆ ಶೇ 16ರವರೆಗೆ ಇರಬಹುದು. ಅಪ್ಪ ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. 50 ಗುಂಡು ಹೊಡೆದು "ಸೂಪರಾಗಿದೆ" ಎನ್ನುವವರ ಮಾತಿಗೆ ನಾನು ಬೆಲೆ ಕೊಡದಿರುವುದು ಇದಕ್ಕೇ.

ಆ 300ರ ನಡುವೆ ಬೇಕೆಂದೇ ಕ್ಲೀನ್ ಮಾಡಿರಲಿಲ್ಲ. ಎಷ್ಟು ಕೊಳೆಯಾದರೆ ನಿಲ್ಲುತ್ತದೆ ಎಂಬುದನ್ನೂ ತಿಳಿಯಬೇಕಲ್ಲ. .22 ಗುಂಡಿನ ಮೇಲೆ ಮೇಣದಂಥ ಜಿಡ್ಡು ಇರುತ್ತದೆ. ಮಸಿ, ಸೀಸದ ಜೊತೆ ಸೇರಿ ಅದು ಚೇಂಬರಿನಲ್ಲಿ ಉಂಗುರ ಕಟ್ಟುತ್ತದೆ. ಮುಂದುವರಿಸಿದೆವು. 388ನೇ ತೋಟಾಕ್ಕೆ ಬೋಲ್ಟ್ ಪೂರ್ತಿ ಮುಚ್ಚಲಿಲ್ಲ. ಅವಳಿಗೆ 150 ಗುಂಡಿಗೊಮ್ಮೆ ಕ್ಲೀನಿಂಗ್ ಎಂದು ಬರೆದುಕೊಟ್ಟೆ, ಎಣ್ಣೆ ಎರಡೇ ಹನಿ. ಕೈ ತೊಳೆಯದೆ ಅವಳು ತಿಂಡಿ ಡಬ್ಬಿ ತೆರೆಯಹೋದಾಗ ಗದರಿದ್ದೂ ಅವತ್ತೇ. ಸೀಸ ಕಣ್ಣಿಗೆ ಕಾಣದೆ ಬೆರಳಲ್ಲಿರುತ್ತದೆ. ತಣ್ಣೀರು, ಸೋಪು ಮೊದಲು, ದೋಸೆ ಆಮೇಲೆ.

ಇಷ್ಟೆಲ್ಲ ಮಾಡಿದರೂ ಯಂತ್ರ ಯಂತ್ರವೇ. 2021ರ ಜುಲೈ 25ರಂದು ಟೋಕಿಯೋದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ಸರಿಪಡಿಸಿಕೊಂಡು ಬರುವಷ್ಟರಲ್ಲಿ ಅಮೂಲ್ಯ ಸಮಯ ಹೋಗಿತ್ತು. 575 ಅಂಕ, 12ನೇ ಸ್ಥಾನ. ಅದೇ ಹುಡುಗಿ 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದಳು. ಕೆಟ್ಟ ಗಳಿಗೆಯಲ್ಲಿ ಏನು ಮಾಡಬೇಕೆಂಬುದೂ ಅಭ್ಯಾಸದ ಭಾಗ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

25 ಮೀಟರಿನಲ್ಲಿ ನಿಯಮ ಸ್ಪಷ್ಟವಿದೆ. ತೋಟಾ ಸಿಡಿಯದಿದ್ದರೆ, ಕೇಸು ಹೊರಬರದಿದ್ದರೆ ಅದು ಒಪ್ಪಬಹುದಾದ ದೋಷ, ಮಿತಿಯೊಳಗೆ ಮತ್ತೆ ಅವಕಾಶ ಸಿಗುತ್ತದೆ. ಆದರೆ ಶೂಟರ್ ತಾನೇ ಬೋಲ್ಟ್ ಎಳೆದು ನೋಡಿದರೆ, ಸೇಫ್ಟಿ ತೆಗೆಯಲು ಮರೆತಿದ್ದರೆ, ತೋಟಾ ತುಂಬದೇ ಇದ್ದರೆ ಅವಕಾಶ ಹೋಯಿತು. ಪಿಸ್ತೂಲನ್ನು ಟಾರ್ಗೆಟ್ ಕಡೆಗೇ ಹಿಡಿದು, ಹಿಡಿತ ಬಿಡದೆ, ಖಾಲಿ ಕೈ ಎತ್ತಬೇಕು. ಹೇಳಲು ಸುಲಭ. ಕ್ಷಿಪ್ರ ಹಂತದಲ್ಲಿ ಏಳು ಸೆಕೆಂಡು ಕೆಂಪು, ಮೂರು ಸೆಕೆಂಡು ಹಸಿರು ದೀಪ. ಆ ಮೂರು ಸೆಕೆಂಡಿನಲ್ಲಿ ಪಿಸ್ತೂಲು ಹಿಡಿದ ಕೈ ಎತ್ತಿ ಒಂದು ಗುಂಡು ಹೊಡೆಯಬೇಕು. ಪಿಸ್ತೂಲು ನಿಂತಾಗ ಎಡಗೈ ತಾನಾಗಿ ಬೋಲ್ಟಿನ ಕಡೆಗೆ ಓಡುತ್ತದೆ.

ಮೊನ್ನೆ ಸಂಜೆ ಅವಳ ಐದು ತೋಟಾದ ಮ್ಯಾಗಜೀನನ್ನು ನಾನೇ ತುಂಬಿದೆ. ಮೂರನೆಯದು ಪ್ಲಾಸ್ಟಿಕ್ಕಿನ ಡಮ್ಮಿ ಎಂದು ಅವಳಿಗೆ ಹೇಳಲಿಲ್ಲ. ಹೊರಗೆ ಶೀಟಿನ ಮೇಲೆ ಮಳೆ ಜೋರಾಗಿ ಬೀಳುತ್ತಿತ್ತು. ಹಸಿರು ಬಂತು, ಟಪ್. ಹಸಿರು ಬಂತು, ಟಪ್. ಮೂರನೆಯ ಹಸಿರಿಗೆ ಬರೀ ಕ್ಲಿಕ್. ಎಡಗೈ ಒಂದು ಕ್ಷಣ ಸೊಂಟದ ಹತ್ತಿರವೇ ನಡುಗಿತು, ಆಮೇಲೆ ನೆಟ್ಟಗೆ ಮೇಲಕ್ಕೆ ಹೋಯಿತು. ಬಲಗೈ ಅಲ್ಲಾಡಲಿಲ್ಲ.